ಜೊಂಡಿನ ದೋಣಿಯ ಮಗು

ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಮಗಳು ತಾರಾಳ ಕೂದಲನ್ನು ಕಿವಿ ಮುಚ್ಚುವಂತೆ ಬಾಚಿ ಕ್ಲಿಪ್ ಹಾಕುವುದು ವಸುಂಧರಾಳ ರೂಢಿ. ಹತ್ತು ವರ್ಷದ ತಾರಾಳಿಗೆ ಬಲಗಿವಿ ಕೇಳದು. ಎಡಗಿವಿಗೆ ಹಿಯರಿಂಗ್ ಏಡ್ ಹಾಕಿ ಎರಡು ವರ್ಷವಾಗಿತ್ತು. ಜಪಾನಿನ ಓಜಿಮಾದಲ್ಲಿ ಅವರಿದ್ದ ಕಟ್ಟಡದ ಕನ್ನಡದವರಿಗೂ, ವಿಡಿಯೋ ಕಾಲ್‌ನಲ್ಲಿ ಮಾತಾಡುವ ಅಜ್ಜಿಗೂ ಅದು ಗೊತ್ತಿರಲಿಲ್ಲ. ಮಗುವನ್ನು ಯಾರೂ ಅಯ್ಯೋ ಪಾಪ ಎನ್ನಬಾರದು ಎಂಬುದು ತಾಯಿಯ ಲೆಕ್ಕಾಚಾರ.

ಶಾಲೆಯ ಪ್ರದರ್ಶನಕ್ಕೆ ಮಕ್ಕಳೆಲ್ಲ ಒಂದೊಂದು ಹಳೆಯ ಕಥೆಯನ್ನು ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಮಾಡಬೇಕಿತ್ತು. ಚಪಾತಿ ಲಟ್ಟಿಸುತ್ತಲೇ ವಸುಂಧರಾ ತಾರಾಳ ಹಾಳೆಗಳತ್ತ ಬಗ್ಗಿ ನೋಡಿದಳು.

"ಯಾರೇ ಇದು, ದೋಣೀಲಿರೋ ಪಾಪು?"

"ಹಿರುಕೊ. ಇಜಾನಾಗಿ, ಇಜಾನಾಮಿ ಗಾಡ್ಸ್ ಅಲ್ವಾ, ಅವರ ಫಸ್ಟ್ ಬೇಬಿ. ಹಿರು ಅಂದ್ರೆ ಲೀಚ್, ಜಿಗಣೆ. ಬೋನ್ಸೇ ಇಲ್ಲ. ಸೋ ಜೊಂಡಿನ ಬೋಟಲ್ಲಿ ಹಾಕಿ ಸಮುದ್ರಕ್ಕೆ ಬಿಟ್ಬಿಟ್ರು."

"ದೇವರುಗಳೇ?"

"ಹೂಂ. ಆಮೇಲೆ ಫಿಶರ್‌ಮೆನ್ ಸಾಕಿದ್ರು. ಅವನೇ ಎಬಿಸು ಅನ್ನೋ ಗಾಡ್ ಅಂತಾರೆ, ಮೀನು ಹಿಡ್ಕೊಂಡು ನಗ್ತಿರ್ತಾನಲ್ಲ. ಅವನಿಗೂ ಕಿವಿ ಕೇಳಲ್ಲ ಅಮ್ಮ. ಒಸಾಕಾದಲ್ಲಿ ಅವನಿಗೆ ಕೇಳ್ಲಿ ಅಂತ ಗುಡಿ ಹಿಂದೆ ಹೋಗಿ ಗೋಡೆ ಜೋರಾಗಿ ಬಡಿದು ಬೇಡ್ಕೋತಾರೆ."

ವಸುಂಧರಾಳ ಕಣ್ಣು ಒಂದು ಚಿತ್ರದಲ್ಲಿ ನಿಂತಿತು. ದೋಣಿ ನೂಕುವ ಮುನ್ನ ದೇವಿ ಮಗುವಿನ ತಲೆಯ ಮೇಲೆ ಜೊಂಡು ಹರಡುತ್ತಿದ್ದಾಳೆ, ಯಾರಿಗೂ ಕಾಣದ ಹಾಗೆ. ಉಡುಪು ಜಪಾನಿನದು, ಮೂಗಿನಲ್ಲಿ ಮಾತ್ರ ಮೂಗುತಿ. ಹಿಟ್ಟು ಮೆತ್ತಿದ ಬೆರಳು ತಾನಾಗಿ ವಸುಂಧರಾಳ ಸ್ವಂತ ಮೂಗುತಿಗೆ ಹೋಯಿತು.

"ಅವರಮ್ಮ ಆಮೇಲೆ ಹುಡುಕ್ಕೊಂಡು ಬರಲ್ವಾ?"

"ಇಲ್ಲ."

"ನೀನು ಒಂದು ಪೇಜ್ ಸೇರಿಸು, ಪುಟ್ಟಾ."

"ಕಥೇಲಿ ಇಲ್ಲ ಅಮ್ಮ," ಎಂದಳು ತಾರಾ. ದನಿಯಲ್ಲಿ ಕೋಪವಿರಲಿಲ್ಲ. ಅದೇ ವಸುಂಧರಾಳನ್ನು ಹೆಚ್ಚು ಚುಚ್ಚಿತು. ಇಷ್ಟು ದಿನ ಮುಚ್ಚಿಟ್ಟಿದ್ದು ಮಗಳಿಗೋಸ್ಕರವೋ, ತನ್ನ ಅಂಜಿಕೆಗೋ? ಹುಡುಗಿಯನ್ನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಬಾಚಣಿಗೆ ಹಿಡಿದು ಕೇಳಿದಳು: "ಹೇಗೆ ಬಾಚಲಿ, ನೀನೇ ಹೇಳು."

ತಾರಾ ಬಾಚಣಿಗೆ ತೆಗೆದುಕೊಂಡು, ಕೂದಲನ್ನೆಲ್ಲ ಎತ್ತಿ ಜುಟ್ಟು ಕಟ್ಟಿಕೊಂಡಳು.

ಪ್ರದರ್ಶನದ ದಿನ ಸಹಪಾಠಿಯೊಬ್ಬಳ ತಾಯಿ ಒಗಾವಾ ಸಾನ್ ಚಿತ್ರಗಳ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ತಾರಾಳ ಬಲಕ್ಕೆ ಬಂದು ಏನೋ ಕೇಳಿದರು. ತಾರಾಳಿಗೆ ಕೇಳಿಸಲಿಲ್ಲ. ಮೊದಲಾಗಿದ್ದರೆ ವಸುಂಧರಾ ತಾನೇ ಉತ್ತರಿಸಿ ಮಾತು ಮುಗಿಸುತ್ತಿದ್ದಳು. ಈಗ ನಿಜ ಹೇಳಲು ಬಾಯಿಬಿಟ್ಟಳು. "ಸುಮಿಮಾಸೆನ್," ಎಂದು ಕ್ಷಮೆ ಕೇಳಿ ಶುರುಮಾಡಿ, ಬಂದಷ್ಟು ಜಪಾನಿಯಲ್ಲಿ, ಮಗಳಿಗೆ ಆ ಕಿವಿ ಕೇಳಿಸದು, ಎಡಗಡೆ ಬಂದು ಮಾತಾಡಿ ಎಂದಳು. ಒಗಾವಾ ಸಾನ್ ತಲೆಬಾಗಿಸಿ ಎಡಕ್ಕೆ ಬಂದರು.

ತಾರಾಳ ಮುಖ ನಾಚಿಕೆಯಿಂದ ಕೆಂಪಾಗಿತ್ತು. "ಅಮ್ಮಾ, ನಿನ್ನ ಗ್ರಾಮರ್ ಪೂರ್ತಿ ರಾಂಗ್."

"ಅವರಿಗೆ ಅರ್ಥ ಆಯ್ತಲ್ಲ?"

"ಆಯ್ತು," ಎಂದ ತಾರಾ ಒಗಾವಾ ಸಾನ್ ಕಡೆ ತಿರುಗಿ, ಮೊದಲ ಚಿತ್ರದ ಮೇಲೆ ಬೆರಳಿಟ್ಟು ಕಥೆ ಹೇಳತೊಡಗಿದಳು.