ಮಧ್ಯಾಹ್ನದ ನಿದ್ದೆ

ಆ ಬೀದಿಯಲ್ಲಿ ಅವರ ನಿಜವಾದ ಹೆಸರು ಬಾಗಿಲ ಮೇಲಿನ ಫಲಕಕ್ಕೆ ಮಾತ್ರ ಗೊತ್ತಿತ್ತು. ಮಕ್ಕಳು, ಮಕ್ಕಳ ಅಪ್ಪ ಅಮ್ಮಂದಿರು, ಹಾಲಿನವನು, ಪಕ್ಕದ ಮನೆಯ ಟೈಲರಮ್ಮ, ಕೊನೆಗೆ ಕಟ್ಟಿಕೊಂಡ ಗಂಡ ಕೂಡ ಅವರನ್ನು ಕರೆಯುತ್ತಿದ್ದುದು ದೊಡ್ಡಮ್ಮ ಎಂದೇ. ಮನೆಯ ಮುಂದಿನ ಹಾಲ್ ಪೂರ್ತಿ ಮಕ್ಕಳದ್ದು. ನೆಲಕ್ಕೆ ದಪ್ಪ ಚಾಪೆ, ಮೇಜಿನ ಮೂಲೆಗಳಿಗೆ ಸುತ್ತಿದ ಹಳೆ ಬಟ್ಟೆ, ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಹೊಡೆದ ಗೂಟಗಳಲ್ಲಿ ಪುಟ್ಟ ಪುಟ್ಟ ಚೀಲಗಳು. ಬೆಳಿಗ್ಗೆ ಅಮ್ಮಂದಿರು ಕೆಲಸಕ್ಕೆ ಹೋಗುವ ಮುಂಚೆ ಮಕ್ಕಳನ್ನು ಬಿಟ್ಟು ಹೋದರೆ ಸಂಜೆಯವರೆಗೆ ಅಲ್ಲಿ ಒಂದೇ ಸಮನೆ ಗದ್ದಲ.

ಮಕ್ಕಳು ಒಟ್ಟು ಐದು. ಒಬ್ಬಳು ಅತ್ತರೆ ಇನ್ನೊಬ್ಬಳೂ ಅಳುವ ಅವಳಿ ಹುಡುಗಿಯರು, ಮಾತಿಗೊಂದು ಯಾಕೆ ಸೇರಿಸುವ ಯಾಕಣ್ಣ, ಈಗಷ್ಟೇ ಅಂಬೆಗಾಲಿಡಲು ಕಲಿತ ಪುಟಾಣಿ. ಐದನೆಯವನು ಬುಗುರಿ. ಎರಡೂವರೆ ವರ್ಷದ ಈ ಹುಡುಗ ಕಣ್ಣು ಬಿಟ್ಟಾಗಿನಿಂದ ಮುಚ್ಚುವವರೆಗೆ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬಸ್ ಕಂಡಕ್ಟರ್ ಆಗಿದ್ದ ಅವನಮ್ಮ ಕೆಲವು ತಿಂಗಳ ಹಿಂದೆ ಮನೆ ಬದಲಾಯಿಸಿ ಈ ಕಡೆ ಬಂದಿದ್ದಳು. ಬಂದ ಹೊಸದರಲ್ಲಿ ಬುಗುರಿ ಮಧ್ಯಾಹ್ನ ಮಲಗುವುದಿರಲಿ, ಬೆವರಿ, ನಡುಗಿ, ಚಾಪೆಗೆ ತಲೆ ಚಚ್ಚಿಕೊಂಡು ಅತ್ತಿದ್ದ. ಹೊಸ ಜಾಗ, ಹೊಂದಿಕೊಳ್ಳುತ್ತಾನೆ ಎಂದು ದೊಡ್ಡಮ್ಮ ಹೆಗಲ ಮೇಲೆ ಹಾಕಿಕೊಂಡು ಮನೆಯೆಲ್ಲ ತಿರುಗಿದ್ದರು. ಅಳು ಏನೋ ನಿಂತಿತು, ನಿದ್ದೆ ಮಾತ್ರ ಹತ್ತಲಿಲ್ಲ.

"ಮೊದಲು ಇವನನ್ನ ಬಿಡ್ತಿದ್ದ ಕಡೆ ಊಟ ಆದ್ರೆ ಸಾಕು, ಸಂಜೆ ನಾನು ಹೋಗೋವರೆಗೂ ಮಲಗಿರ್ತಿದ್ದ ದೊಡ್ಡಮ್ಮ. ಇಲ್ಲಿ ಯಾಕೋ ಆಗ್ತಾನೇ ಇಲ್ಲ," ಎಂದು ಅವನಮ್ಮ ಆಗಾಗ ಹೇಳುತ್ತಿದ್ದಳು. ಅದರಲ್ಲಿ ಕೊಂಕೇನೂ ಇರಲಿಲ್ಲ. ಆದರೂ ದೊಡ್ಡಮ್ಮನಿಗೆ ಎಲ್ಲೋ ಚುರ್ರೆನ್ನುತ್ತಿತ್ತು.

ಅಷ್ಟರಲ್ಲಿ ಯಜಮಾನರಿಗೆ ಲಕ್ವ ಹೊಡೆಯಿತು. ಜೀವಕ್ಕೇನೂ ಆಗಲಿಲ್ಲ, ಆದರೆ ಎಡಗೈ ಎಡಗಾಲು ಹೇಳಿದ ಮಾತು ಕೇಳದಾದವು. ಮಧ್ಯಾಹ್ನದ ಹೊತ್ತು ಅವರನ್ನು ವ್ಯಾಯಾಮ ಮಾಡಿಸುವವರ ಹತ್ತಿರ ಕರೆದೊಯ್ಯಬೇಕಾಯಿತು. ಮಕ್ಕಳನ್ನು ನೋಡಿಕೊಳ್ಳಲು ಅರ್ಧ ದಿನಕ್ಕಾದರೂ ಒಬ್ಬರು ಬೇಕೇ ಬೇಕಾಯಿತು.

ಮೊದಲು ಬಂದ ಹುಡುಗಿಗೆ ಮಕ್ಕಳಿಗಿಂತ ಫೋನಿನ ಮೇಲೇ ಕಣ್ಣು. ಯಾಕಣ್ಣ ಅವಳ ಚಪ್ಪಲಿಯಲ್ಲಿ ನೀರು ತುಂಬಿಸಿದ್ದು ಹೊರಡುವಾಗಲೇ ಅವಳಿಗೆ ಗೊತ್ತಾಯಿತು. ಎರಡನೆಯವಳು, "ಮಕ್ಕಳು ಅಂದ್ರೆ ನಂಗೆ ಪಂಚಪ್ರಾಣ," ಎಂದು ಬಂದು ಕೂತವಳು ಪುಟಾಣಿ ಮಡಿಲು ಒದ್ದೆ ಮಾಡಿದ ಕೂಡಲೇ ಎದ್ದುಹೋದಳು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಯಜಮಾನರು, "ಪಂಚಪ್ರಾಣದಲ್ಲಿ ಒಂದು ಹೋಯ್ತು ನೋಡು," ಎಂದು ಸೊಟ್ಟ ಬಾಯಲ್ಲೇ ನಕ್ಕರು.

ಆಗ ಬುಗುರಿಯ ಅಮ್ಮನೇ ದಾರಿ ತೋರಿಸಿದಳು. "ಇವನನ್ನ ಮೊದಲು ಬಿಡ್ತಿದ್ದ ಕಡೆ ಒಬ್ರಿದ್ರು ದೊಡ್ಡಮ್ಮ. ಮಕ್ಕಳನ್ನ ಮಲಗಿಸೋದ್ರಲ್ಲಿ ಅವರನ್ನ ಮೀರಿಸೋರಿಲ್ಲ. ಈಗ ಮಗಳ ಬಾಣಂತನ ಅಂತ ಈ ಕಡೆನೇ ಬಂದಿದಾರಂತೆ. ಕೇಳಲಾ?"

ಮಾರನೆಯ ದಿನವೇ ಅವಳು ಬಂದಳು. ನಲವತ್ತೈದರ ಆಸುಪಾಸಿನ, ದುಂಡು ಮುಖದ ಹೆಂಗಸು. ಯಾರೂ ಹೇಳದೆ ಕೈ ತೊಳೆದುಕೊಂಡು ಬಂದು ಚಾಪೆಯ ಮೇಲೆ ಕೂತಳು. ಬುಗುರಿ ಅವಳನ್ನು ಕಂಡದ್ದೇ ಓಡಿ ಬಂದು ಕುತ್ತಿಗೆಗೆ ಜೋತುಬಿದ್ದ. ಅಂಬೆಗಾಲಿಡುತ್ತ ಹೋದ ಪುಟಾಣಿ ಅವಳ ಹೆಬ್ಬೆರಳನ್ನು ಬಾಯಿಗಿಟ್ಟುಕೊಂಡಿತು. ದೊಡ್ಡಮ್ಮ ಹಳೆಯ ಜಾಗಕ್ಕೆ ಫೋನು ಮಾಡಿ ವಿಚಾರಿಸಿದರು. "ಅಯ್ಯೋ, ಅವಳಿದ್ರೆ ಮಧ್ಯಾಹ್ನ ಮನೇಲಿ ಸೂಜಿ ಬಿದ್ರೂ ಕೇಳಿಸುತ್ತೆ," ಎಂದಳು ಆ ಜಾಗದ ಒಡತಿ. ಇನ್ನೇನು ಬೇಕು? ಸಂಜೆಯ ಹೊತ್ತಿಗೆ ಮಕ್ಕಳು ಅವಳಿಗೆ ಚಿಕ್ಕಮ್ಮ ಎಂದು ಹೆಸರಿಟ್ಟಾಗಿತ್ತು.

ಕೆಲಸ ಕಲಿಸುವುದರಲ್ಲಿ ದೊಡ್ಡಮ್ಮ ಬಲು ಕಟ್ಟುನಿಟ್ಟು. ಮೊದಲ ವಾರವೆಲ್ಲ ಅವಳ ಬೆನ್ನ ಹಿಂದೆಯೇ ಇದ್ದರು, ಮಧ್ಯಾಹ್ನ ಮಕ್ಕಳನ್ನು ತಾವೇ ಮಲಗಿಸಿದರು. ಗೇಟಿಗೆ ಎರಡು ಚಿಲಕ, ಎರಡನ್ನೂ ಹಾಕಬೇಕು. ದ್ರಾಕ್ಷಿಯನ್ನು ಇಡಿಯಾಗಿ ಕೊಡಕೂಡದು, ಉದ್ದಕ್ಕೆ ಸೀಳಬೇಕು. ಪುಟಾಣಿಯನ್ನು ಅಂಗಾತ ಮಲಗಿಸಬೇಕು, ಪಕ್ಕದಲ್ಲಿ ದಿಂಬು ಇಡಬಾರದು. ಬಚ್ಚಲಲ್ಲಿ ಬಕೆಟ್ ಖಾಲಿಯಾಗೇ ಇರಬೇಕು. ಅಮ್ಮಂದಿರು ಬರೋವರೆಗೂ, ಯಾರೇ ಬಂದು ಚಿಕ್ಕಪ್ಪ ಅನ್ನಲಿ, ಮಾವ ಅನ್ನಲಿ, ಮಗುವನ್ನು ಕಳಿಸಕೂಡದು. ಚಿಕ್ಕಮ್ಮ ಎಲ್ಲಕ್ಕೂ "ಆಯ್ತಕ್ಕ" ಎಂದಳು. ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ.

ವ್ಯಾಯಾಮಕ್ಕೆಂದು ಮೊದಲ ದಿನ ಹೊರಡುವಾಗ ಯಜಮಾನರನ್ನು ಟ್ಯಾಕ್ಸಿಗೆ ಹತ್ತಿಸಿದ ದೊಡ್ಡಮ್ಮ ಗೇಟಿನ ಬಳಿ ಹೇಳಿದರು: "ನಾನು ಬರೋಷ್ಟ್ರಲ್ಲಿ ಅವನೊಬ್ಬನ್ನ ಹೇಗಾದ್ರೂ ಮಾಡಿ ಮಲಗಿಸಿಬಿಡು ನೋಡೋಣ."

"ಅದಕ್ಯಾಕೆ ಯೋಚನೆ ಮಾಡ್ತೀರಕ್ಕ," ಎಂದು ಚಿಕ್ಕಮ್ಮ ನಕ್ಕಳು.

ತಿರುಗಿ ಬಂದಾಗ ಮನೆ ಸದ್ದಿಲ್ಲದೆ ಬಿದ್ದಿತ್ತು. ಐದೂ ಮಕ್ಕಳು ಸಾಲಾಗಿ ಮಲಗಿದ್ದರು. ಬುಗುರಿ ಕೂಡ ಕೈಕಾಲು ಚಾಚಿ, ಬಾಯಿ ತೆರೆದುಕೊಂಡು ಮಲಗಿದ್ದ. ದೊಡ್ಡಮ್ಮ ಬಾಗಿಲಲ್ಲೇ ನಿಂತು ಕಣ್ತುಂಬ ನೋಡಿದರು. ಹಾಡು ಹೇಳುತ್ತಾಳೋ, ಬೆನ್ನು ತಟ್ಟುತ್ತಾಳೋ, ಏನು ಮೋಡಿಯೋ! ಅಂದು ಎಷ್ಟೋ ದಿನಗಳ ಮೇಲೆ ಗಂಡ ಹೆಂಡತಿ ಅಡುಗೆಮನೆಯಲ್ಲಿ ಎದುರುಬದುರು ಕೂತು ಬಿಸಿ ಚಹಾವನ್ನು ಬಿಸಿಯಾಗಿರುವಾಗಲೇ ಕುಡಿದರು. ಮುಂದಿನ ದಿನಗಳಲ್ಲೂ ಹಾಗೇ ಆಯಿತು. ಸಂಜೆ ಬುಗುರಿಯ ಅಮ್ಮ, "ನಾನು ಹೇಳ್ಲಿಲ್ವಾ?" ಎಂದು ಹಿಗ್ಗಿದಳು. ದೊಡ್ಡಮ್ಮನೂ ಹಿಗ್ಗಿದರು.

ಒಂದು ದಿನ ಬುಗುರಿಗೆ ಮೂಗು ಸೋರುತ್ತಿತ್ತು. "ಬೆಳಿಗ್ಗೆನೇ ನೆಗಡಿ ಔಷಧಿ ಹಾಕಿದೀನಿ, ನೀವೇನೂ ಕೊಡೋದು ಬೇಡ," ಎಂದು ಹೇಳಿ ಅವನಮ್ಮ ಬಸ್ಸಿಗೆ ಓಡಿದಳು. ಆ ಮಾತು ದೊಡ್ಡಮ್ಮನ ಕಿವಿಗೆ ಬಿತ್ತು. ಮಧ್ಯಾಹ್ನ ಬರುವ ಚಿಕ್ಕಮ್ಮನಿಗೆ ಅದನ್ನು ದಾಟಿಸುವ ಅಗತ್ಯ ಅವರಿಗೆ ಕಾಣಲಿಲ್ಲ.

ಅಂದು ಯಜಮಾನರಿಗೆ ವ್ಯಾಯಾಮ ಮಾಡಿಸಿಕೊಂಡು ಬಂದ ದೊಡ್ಡಮ್ಮ ಮಲಗಿದ್ದ ಬುಗುರಿಯ ಮೂಗು ಒರೆಸಲು ಬಗ್ಗಿದರು. ಹುಡುಗ ಮುಖ ತಿರುಗಿಸಲಿಲ್ಲ. ಮೂಗು ಮುಟ್ಟಿದರೆ ಮನೆ ಕಿತ್ತುಹೋಗುವಂತೆ ಕೂಗುವ ಹುಡುಗ! ಗಲ್ಲ ತಟ್ಟಿದರು. ಎತ್ತಿ ಕೂರಿಸಿದರೆ ತಲೆ ಒದ್ದೆ ಬಟ್ಟೆಯ ಹಾಗೆ ಪಕ್ಕಕ್ಕೆ ವಾಲಿತು. ತುಟಿ ಬಿಳಿಚಿಕೊಂಡಿತ್ತು. ಎದೆಗೆ ಕಿವಿಯಿಟ್ಟರೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ತೀರ ದೊಡ್ಡ ಅಂತರ.

"ಪುಟ್ಟಾ! ಏ ಪುಟ್ಟಾ!" ದೊಡ್ಡಮ್ಮನ ಕೂಗಿಗೆ ಟೈಲರಮ್ಮ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಓಡಿಬಂದಳು. ಉಳಿದ ಮಕ್ಕಳನ್ನು ಅವಳಿಗೂ ಯಜಮಾನರಿಗೂ ಒಪ್ಪಿಸಿ, ಇನ್ನೂ ತಿರುಗಿ ಹೋಗಿರದ ಅದೇ ಟ್ಯಾಕ್ಸಿಯಲ್ಲಿ ದೊಡ್ಡಮ್ಮ, ಚಿಕ್ಕಮ್ಮ ಇಬ್ಬರೂ ಆಸ್ಪತ್ರೆಗೆ ಹೊರಟರು. ಹುಡುಗ ದೊಡ್ಡಮ್ಮನ ತೊಡೆಯ ಮೇಲೆ. ಚಿಕ್ಕಮ್ಮ ಅವನ ಪುಟ್ಟ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು, "ಏನಾಯ್ತಪ್ಪ ನನ್ನ ಬಂಗಾರಕ್ಕೆ, ಏನಾಯ್ತೋ," ಎಂದು ಗೊಣಗುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು. ನರ್ಸ್ ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಒತ್ತಿದಳು.

"ಏನು ಕೊಟ್ಟಿದೀರ ಇವನಿಗೆ?"

"ಏನೂ ಇಲ್ಲ ಡಾಕ್ಟ್ರೆ. ಅನ್ನ, ಬೇಯಿಸಿದ ತರಕಾರಿ. ಅವರಮ್ಮ ಬೆಳಿಗ್ಗೆ ನೆಗಡಿ ಔಷಧಿ..."

"ಅದಷ್ಟಕ್ಕೇ ಹೀಗಾಗಲ್ಲ. ಇನ್ನೇನು ಕೊಟ್ರಿ?"

"ಏನೂ ಇಲ್ಲ ಅಂದ್ನಲ್ಲ!" ಎಂದರು ದೊಡ್ಡಮ್ಮ.

ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿಸಿತು. ಅದರಲ್ಲಿ ಅಳುಕಿರಲಿಲ್ಲ. "ಮಲಗೋ ಸಿರಪ್ ಕೊಟ್ಟಿದೀನಿ ಡಾಕ್ಟ್ರೆ. ಹಾಲಲ್ಲಿ ಹಾಕಿ. ಜಾಸ್ತಿ ಏನಿಲ್ಲ, ದಿನಾ ಕೊಡೋಷ್ಟೇ."

ದೊಡ್ಡಮ್ಮ ತಿರುಗಿ ನೋಡಿದರು. ಮಾತು ಕಿವಿಗೆ ಬಿದ್ದಿತ್ತು, ಆದರೆ ತಲೆಗೆ ಹೋಗಲಿಲ್ಲ. ದಿನಾ ಅಂದಳೇ? ಯಾವ ದಿನಾ?

"ಯಾವ ಸಿರಪ್?" ಡಾಕ್ಟರಮ್ಮ ಕೇಳಿದಳು.

ಚಿಕ್ಕಮ್ಮ ತನ್ನ ಚೀಲಕ್ಕೆ ಕೈಹಾಕಿ, ಅಂಟಂಟು ಮುಚ್ಚಳದ ಸಣ್ಣ ಸೀಸೆಯೊಂದನ್ನು ತೆಗೆದುಕೊಟ್ಟಳು. ಬಾಚಣಿಗೆ, ಮನೆಯ ಕೀಲಿಕೈ, ಕರವಸ್ತ್ರಗಳ ನಡುವೆ ಅದೂ ಇತ್ತು. ಡಾಕ್ಟರಮ್ಮ ಅದರ ಮೇಲಿನ ಅಕ್ಷರ ಓದಿ ನರ್ಸ್ ಕಡೆ ತಿರುಗಿ ಏನೋ ಹೇಳಿದಳು. ಮಗುವನ್ನು ತಳ್ಳುಮಂಚದಲ್ಲಿ ಒಳಗೆ ಒಯ್ದರು. ಹೋಗುತ್ತ ಡಾಕ್ಟರಮ್ಮ ನಿಂತು ಕೇಳಿದಳು: "ಇವನೊಬ್ಬನಿಗೇನಾ?"

"ಇಲ್ಲ, ಎಲ್ಲರಿಗೂ," ಎಂದಳು ಚಿಕ್ಕಮ್ಮ. "ಪುಟಾಣಿಗೆ ಕಮ್ಮಿ."

ದೊಡ್ಡಮ್ಮ ಅಲ್ಲೇ ನಿಂತು ಮನೆಗೆ ಫೋನು ಮಾಡಿದರು. "ಎದ್ದಿದಾರಾ ಮಕ್ಕಳು?"

"ಇಲ್ಲ, ತಣ್ಣಗೆ ಮಲಗಿವೆ," ಎಂದರು ಯಜಮಾನರು.

"ಎಬ್ಬಿಸಿ! ನೀರು ಚಿಮುಕಿಸಿ, ಏನಾದ್ರೂ ಮಾಡಿ, ಎಲ್ಲರನ್ನೂ ಎಬ್ಬಿಸಿ ಇಲ್ಲಿಗೆ ಕರ್ಕೊಂಡು ಬನ್ನಿ!" ಆ ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕಿರುಚಿದ್ದು ತಾವೇ ಎಂದು ಅವರಿಗೆ ಆಮೇಲೆ ಗೊತ್ತಾಯಿತು.

ಫೋನಿಟ್ಟು ಚಿಕ್ಕಮ್ಮನ ಎರಡೂ ಭುಜ ಹಿಡಿದು ಅಲುಗಿಸಿದರು. "ಏನೇ ಮಾಡಿದೆ? ಯಾರು ಹೇಳಿದ್ರೇ ನಿಂಗೆ?"

ಚಿಕ್ಕಮ್ಮನಿಗೆ ಆಗಲೂ ಅರ್ಥವಾಗಿರಲಿಲ್ಲ. ಕಣ್ಣು ಪಿಳಿಪಿಳಿ ಬಿಡುತ್ತ ನಿಂತಳು. "ನೀವೇ ಅಂದ್ರಲ್ಲ ಅಕ್ಕ, ಹೇಗಾದ್ರೂ ಮಾಡಿ ಮಲಗಿಸು ಅಂತ. ಅಲ್ಲಿ ಕೆಲಸಕ್ಕೆ ಸೇರಿದ ದಿನವೇ ಅಲ್ಲಿನ ಅಕ್ಕ ಕಲಿಸಿದ್ರು. ಊಟ, ಹಾಲು, ಹಾಲಲ್ಲಿ ಸಿರಪ್. ಎಲ್ಲಾ ಕಡೆನೂ ಹೀಗೇ ಅಂದ್ಕೊಂಡಿದ್ದೆ."

ದೊಡ್ಡಮ್ಮನ ಕೈಗಳು ತಾವಾಗಿಯೇ ಸಡಿಲಗೊಂಡವು. ಚಿಲಕ ಹೇಳಿಕೊಟ್ಟಿದ್ದರು, ದ್ರಾಕ್ಷಿ ಹೇಳಿಕೊಟ್ಟಿದ್ದರು, ಬಕೆಟ್ ಹೇಳಿಕೊಟ್ಟಿದ್ದರು. ಮಕ್ಕಳಿಗೆ ಔಷಧಿ ಹಾಕಿ ಮಲಗಿಸಬೇಡ ಎಂದು ಒಬ್ಬ ಮನುಷ್ಯರಿಗೆ ಇನ್ನೊಬ್ಬ ಮನುಷ್ಯರು ಹೇಳಬೇಕಾಗುತ್ತದೆ ಎಂಬುದು ಅವರ ಕನಸಿನಲ್ಲೂ ಬಂದಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಟೈಲರಮ್ಮನೂ ಯಜಮಾನರೂ ತೂಕಡಿಸುವ ನಾಲ್ಕು ಮಕ್ಕಳೊಂದಿಗೆ ಬಂದರು. ಯಾಕಣ್ಣ ಮಾತ್ರ ಅರ್ಧ ಕಣ್ಣು ತೆರೆದು, "ಯಾಕೆ ಎಬ್ಬಿಸಿದ್ರಿ?" ಎಂದ. ಆ ಒಂದು ಯಾಕೆ ಕೇಳಿ ದೊಡ್ಡಮ್ಮ ಅವನನ್ನು ಅಪ್ಪಿಕೊಂಡು ಬಿಕ್ಕಿದರು. ಡಾಕ್ಟರಮ್ಮ ಒಬ್ಬೊಬ್ಬರನ್ನೇ ನೋಡಿ, ಈ ನಾಲ್ವರಿಗೆ ಅಪಾಯವಿಲ್ಲ, ಆದರೂ ಸಂಜೆವರೆಗೆ ಇಲ್ಲೇ ಇರಲಿ ಎಂದಳು.

ಬುಗುರಿಯ ಅಮ್ಮ ಟಿಕೆಟಿನ ಚೀಲ ಹೆಗಲಲ್ಲಿದ್ದ ಹಾಗೇ ಬಂದಳು. ಅವಳಿಗೆ ಹೇಳುವ ಕೆಲಸವನ್ನು ದೊಡ್ಡಮ್ಮ ಡಾಕ್ಟರಿಗೆ ಬಿಡಲಿಲ್ಲ. ಎದುರಿಗೆ ನಿಂತು, ನಡೆದದ್ದನ್ನು ನಡೆದಂತೆ ಹೇಳಿದರು. ಅವಳು ಕೂಗಾಡುತ್ತಾಳೆ, ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡಿದ್ದರು. ಬಾರಿಸಿದ್ದರೆ ಹಗುರವಾಗುತ್ತಿತ್ತೇನೋ. ಅವಳು ದೊಡ್ಡಮ್ಮನನ್ನು ದಾಟಿ ಚಿಕ್ಕಮ್ಮನ ಮುಖವನ್ನೇ ನೋಡುತ್ತಿದ್ದಳು.

"ಅಲ್ಲೂನಾ?" ಎಂದು ಕೇಳಿದಳು, ತೀರ ಮೆತ್ತಗೆ.

ಚಿಕ್ಕಮ್ಮ ಹೌದೆಂದು ತಲೆಯಾಡಿಸಿದಳು.

"ಅಲ್ಲಿಗೆ ಬಿಡೋವಾಗ ಅವನಿಗಿನ್ನೂ ಕೂರೋಕೂ ಬರ್ತಿರ್ಲಿಲ್ಲ. ಆವಾಗಿಂದಾನಾ?"

ಚಿಕ್ಕಮ್ಮ ಕೈಯಲ್ಲಿದ್ದ ಪುಟ್ಟ ಬೂಟುಗಳತ್ತ ತಲೆ ತಗ್ಗಿಸಿದಳು. ಬುಗುರಿಯ ಅಮ್ಮ ಗೋಡೆಗೆ ಒರಗಿ ಹಾಗೆಯೇ ನೆಲಕ್ಕೆ ಕುಸಿದಳು. ಚೀಲದ ಚಿಲ್ಲರೆ ನೆಲದ ಮೇಲೆಲ್ಲ ಉರುಳಿತು. ಯಾರೂ ಹೆಕ್ಕಲಿಲ್ಲ. ಹೊಸದರಲ್ಲಿ ಆ ಹುಡುಗ ಬೆವರಿ, ನಡುಗಿ, ತಲೆ ಚಚ್ಚಿಕೊಂಡದ್ದು ಹೊಸ ಜಾಗಕ್ಕಲ್ಲ, ದಿನದ ಸಿರಪ್ ನಿಂತುಹೋದದ್ದಕ್ಕೆ ಎಂದು ದೊಡ್ಡಮ್ಮನಿಗೆ ಆಗ ಹೊಳೆಯಿತು.

ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದಳು. ಮಗು ಕಣ್ಣು ಬಿಟ್ಟಿದೆ ಎಂದಳು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿದಳು: "ಬೆಳಗಿನ ನೆಗಡಿ ಔಷಧೀಲೂ ಈ ಸಿರಪ್ಪಿನ ಮದ್ದೇ ಇತ್ತು. ಎರಡೂ ಸೇರಿದೆ. ಇನ್ನೊಂದಿಷ್ಟು ತಡವಾಗಿದ್ರೆ ಉಸಿರೇ ನಿಲ್ತಿತ್ತು. ಎಷ್ಟೋ ಮಕ್ಕಳು ಹಾಗೇ ಹೋಗಿವೆ, ಗೊತ್ತಾ? ನೀವು ಕೂಡಲೇ ಹೇಳಿದ್ದಕ್ಕೆ ಉಳೀತು."

ಚಿಕ್ಕಮ್ಮನ ಕೈಯಲ್ಲಿದ್ದ ಬೂಟುಗಳು ಜಾರಿಬಿದ್ದವು. "ಉಸಿರು ನಿಲ್ಲುತ್ತಾ?" ಎಂದಳು. ಮತ್ತೆ, "ಅಯ್ಯೋ ನನ್ನ ಮೊಮ್ಮಗಳಿಗೂ ಹಾಕ್ತಿದೀನಲ್ಲೋ," ಎಂದವಳೇ ಫೋನು ಕಿವಿಗಿಟ್ಟುಕೊಂಡು ಮಗಳ ಹೆಸರು ಹಿಡಿದು ಕೂಗುತ್ತ ಮೆಟ್ಟಿಲಿಳಿದು ಓಡಿದಳು. ಆ ಕೂಗು ಕೆಳಗಿನ ಅಂತಸ್ತಿನವರೆಗೂ ಕೇಳಿಸುತ್ತಿತ್ತು.

ಸಂಜೆ ಉಳಿದ ಅಪ್ಪ ಅಮ್ಮಂದಿರಿಗೂ ದೊಡ್ಡಮ್ಮ ತಾವೇ ಹೇಳಿದರು. ಅವಳಿಗಳ ಅಪ್ಪ ಬಾಯಿಗೆ ಬಂದ ಹಾಗೆ ಬೈದ. ಪುಟಾಣಿಯ ಅಮ್ಮ ಮಗುವನ್ನು ಎದೆಗವಚಿಕೊಂಡು ಹೊರಟುಹೋದಳು. ಪೊಲೀಸರು ಬಂದರು, ಮಕ್ಕಳ ಇಲಾಖೆಯವರು ಬಂದರು. ಚಿಕ್ಕಮ್ಮ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಕೇಳದ್ದನ್ನೂ ಹೇಳಿದಳು. ಆ ಹಳೆಯ ಜಾಗಕ್ಕೆ ಬೀಗ ಬಿತ್ತು. ಅದರ ಒಡತಿಯ ಮೇಲೆ ಕೇಸಾಯಿತು. ಚಿಕ್ಕಮ್ಮನ ಮೇಲೂ ಆಯಿತು. ಜಾಮೀನಿನ ಮೇಲೆ ಹೊರಗೆ ಬಂದಳಂತೆ, ಮೊಮ್ಮಗಳು ಆರೋಗ್ಯವಾಗಿದ್ದಾಳಂತೆ ಎಂದು ಟೈಲರಮ್ಮ ಸುದ್ದಿ ತಂದಳು.

ದೊಡ್ಡಮ್ಮನ ಮನೆಯ ಹಾಲ್ ಕೆಲವು ವಾರ ಖಾಲಿ ಬಿತ್ತು. ಇಲಾಖೆಯವರು ಒಪ್ಪಿಗೆ ಕೊಟ್ಟ ಮೇಲೂ ಯಾರೂ ಬರಲಿಕ್ಕಿಲ್ಲ ಎಂದೇ ಅವರು ಅಂದುಕೊಂಡಿದ್ದರು. ಯಾಕಣ್ಣ ಬಂದ. ಅವನ ಹಿಂದೆಯೇ ಬುಗುರಿಯನ್ನು ಕರೆದುಕೊಂಡು ಅವನಮ್ಮನೂ ಬಂದಳು. ದೊಡ್ಡಮ್ಮನಿಗೆ ನಂಬಲಾಗಲಿಲ್ಲ.

"ನಿಮ್ಮ ಮೇಲೆ ಪೂರ್ತಿ ನಂಬಿಕೆ ಬಂದಿದೆ ಅಂತಲ್ಲ," ಎಂದಳು ಅವಳು, ಮುಖ ನೋಡದೆ. "ಬೇರೆ ಕಡೆಗಳಿಗೂ ಮಧ್ಯಾಹ್ನದ ಹೊತ್ತಲ್ಲಿ ಹೋಗಿ ನೋಡಿದೆ. ಎಲ್ಲಾ ಕಡೆ ಮಕ್ಕಳು ಮಲಗಿದ್ವು. ನಂಗೆ ಹೆದರಿಕೆಯಾಯ್ತು. ಇವನು ಮಲಗದೇ ಇದ್ರೂ ಪರವಾಗಿಲ್ಲ ದೊಡ್ಡಮ್ಮ. ಗಲಾಟೆ ಮಾಡ್ಕೊಂಡೇ ಇರ್ಲಿ."

ಈಗ ಯಜಮಾನರನ್ನು ವ್ಯಾಯಾಮಕ್ಕೆ ಕರೆದೊಯ್ಯುವುದು ಟೈಲರಮ್ಮ. ದೊಡ್ಡಮ್ಮ ಮಕ್ಕಳನ್ನು ಬಿಟ್ಟು ಕದಲುವುದಿಲ್ಲ. ಮಕ್ಕಳು ತಾವಾಗಿ ಮಲಗಿದರೂ ಆಗಾಗ ಹೋಗಿ ಮೂಗಿನ ಬಳಿ ಬೆರಳಿಟ್ಟು ನೋಡುತ್ತಾರೆ.

ಹಾಗಿರುವಾಗ ಒಂದು ದಿನ ಚಿಕ್ಕಮ್ಮ ಬಂದಳು. ಗೇಟಿನ ಆಚೆಯೇ ನಿಂತಿದ್ದಳು. ಮುಖ ಇಳಿದುಹೋಗಿತ್ತು. "ಒಳಗೆ ಬರಲ್ಲ ಅಕ್ಕ. ನೋಡಿಕೊಂಡು ಹೋಗೋಣ ಅಂತ ಬಂದೆ, ಅಷ್ಟೇ."

ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತು. ಹೋಗು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಬುಗುರಿ ಒಳಗಿನಿಂದ, "ಚಿಕ್ಕಮ್ಮಾ!" ಎಂದು ಕಿರುಚುತ್ತ ಓಡಿಬಂದ. ಗೇಟಿನ ಸರಳುಗಳ ನಡುವೆ ಎರಡೂ ತೋಳು ತೂರಿಸಿದ, ಎತ್ತಿಕೋ ಎಂದು ಕುಣಿದ. ಅವನ ಮುಖ ಅರಳಿದ್ದನ್ನು ನೋಡಿ ದೊಡ್ಡಮ್ಮ ದಂಗಾಗಿ ನಿಂತುಬಿಟ್ಟರು. ಇವಳ ಕೈಯಲ್ಲೇ ಅಲ್ಲವೇ ಮಗು ಸಾಯುವಂತಾದದ್ದು? ಮಗುವಿಗೆ ಅದೆಲ್ಲ ಏನು ಗೊತ್ತು? ಅವಳ ಪ್ರೀತಿ ಸುಳ್ಳಾಗಿರಲಿಲ್ಲ ಎಂಬುದೇ ಅವರಿಗೆ ಎಲ್ಲಕ್ಕಿಂತ ದೊಡ್ಡ ಆಘಾತವಾಗಿ ಕಂಡಿತು.

ಚಿಕ್ಕಮ್ಮ ಕೈ ಚಾಚಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಮುಂದೆ ತರಲಿಲ್ಲ.

"ಬೇಡ ಬಂಗಾರ," ಎಂದಳು. "ದೊಡ್ಡಮ್ಮನ ಹತ್ರ ಹೋಗು."

ದೊಡ್ಡಮ್ಮ ಬಂದು ಬುಗುರಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡರು. ಚಿಲಕ ತೆಗೆಯಲಿಲ್ಲ. ಒಳಗೂ ಹೋಗಲಿಲ್ಲ. ಹುಡುಗ ಗೇಟಿನ ಮೇಲಿಂದ ಬಗ್ಗಿ ಚಿಕ್ಕಮ್ಮನ ಒದ್ದೆ ಗಲ್ಲವನ್ನು ತನ್ನ ಅಂಗೈಯಿಂದ ಒರೆಸಿದ. ಅವನು ಒರೆಸಿ ಮುಗಿಸುವವರೆಗೆ ದೊಡ್ಡಮ್ಮ ಅಲ್ಲಾಡದೆ ನಿಂತಿದ್ದರು.