ಯಜಮಾನ್ರನ್ನ ಕೇಳಿ ಹೇಳಿ

“ನಿಮ್ಮ ಯಜಮಾನ್ರನ್ನ ಒಂದು ಮಾತು ಕೇಳಿ ಹೇಳಿ ಅಮ್ಮಾ. ಕ್ಲಿನಿಕ್ ಮುಚ್ಚೋ ತನಕ ಇಲ್ಲೇ ಇರ್ತೀನಿ,” ಎಂದು ನಾಯಿ ಡಾಕ್ಟರು ಫೋನಿನಲ್ಲಿ ಹೇಳುತ್ತಿದ್ದಾಗ, ಟೈಲರಮ್ಮನ ಯಜಮಾನ್ರು ಹೊಲಿಗೆ ಮೆಷೀನಿನ ಕೆಳಗೆ, ಚಿಂದಿ ಬಟ್ಟೆಯ ಗುಡ್ಡೆಯ ಮೇಲೆ, ಮೂರು ಕಾಲನ್ನೂ ಮೂರು ದಿಕ್ಕಿಗೆ ಚಾಚಿಕೊಂಡು ಗೊರಕೆ ಹೊಡೆಯುತ್ತಿದ್ದರು.

“ಕೇಳ್ತೀನಿ,” ಎಂದು ಟೈಲರಮ್ಮ ಫೋನಿಟ್ಟಳು. ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

ಆ ಮನೆಯಲ್ಲಿ ಯಜಮಾನ್ರು ಎಂದರೆ ನಾಯಿ. ಮರಿಯಾಗಿ ಬಂದ ದಿನವೇ ಮನೆಯಲ್ಲಿದ್ದ ಒಂದೇ ಒಂದು ಆರಾಮ ಕುರ್ಚಿಯೇರಿ ಕೂತು, ಇಳಿ ಎಂದವರನ್ನು ‘ನೀವ್ಯಾರು?’ ಎಂಬಂತೆ ನೋಡಿದ್ದಕ್ಕೆ ಗಂಡನೇ ಇಟ್ಟ ಹೆಸರು. ಹೆಸರಿಟ್ಟ ತಪ್ಪಿಗೆ ಅವನ ಪಟ್ಟವೇ ಹೋಯಿತು. ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಅಂದಿನಿಂದ ಮನೆಯಲ್ಲೂ ಬರೀ ಮೆಕ್ಯಾನಿಕ್ಕು. ಮಕ್ಕಳಿಲ್ಲದ ಮನೆ. ಗೋಡೆಗೆ ಯಾವ ಬಣ್ಣ, ಭಾನುವಾರ ಅಕ್ಕನ ಮನೆಗೋ ತಂಗಿಯ ಮನೆಗೋ ಎಂದು ಗಂಡ ಹೆಂಡತಿ ಹಗ್ಗಜಗ್ಗಾಟಕ್ಕೆ ಬಿದ್ದರೆ, “ಯಜಮಾನ್ರನ್ನ ಕೇಳೋಣ” ಎನ್ನುವುದು ರೂಢಿ. ಟೈಲರಮ್ಮ ಎರಡೂ ಮುಷ್ಟಿ ಕಟ್ಟಿ ಮುಂದೆ ಹಿಡಿಯುವಳು. ಎಡದ್ದು ಅವಳ ಮಾತು, ಬಲದ್ದು ಅವನದು. ಯಜಮಾನ್ರು ಎರಡನ್ನೂ ಗಂಭೀರವಾಗಿ ಮೂಸಿ, ಬಲ ಮುಂಗಾಲೆತ್ತಿ ಒಂದರ ಮೇಲೆ ಇಡುವರು. ಇಟ್ಟರೆ ಮುಗಿಯಿತು, ಅಪೀಲಿಲ್ಲ. ತೀರ್ಪಿನ ಫೀಸು ಒಂದು ಬಿಸ್ಕತ್ತು.

ಆ ಬಲ ಮುಂಗಾಲೇ ಈಗ ಇಲ್ಲ.

ಮೊದಲು ಕುಂಟುತ್ತಿದ್ದರು. ವಯಸ್ಸಾಯಿತಲ್ಲ, ಕೀಲುನೋವು ಇರಬೇಕು ಎಂದು ಗಂಡ ಹೆಂಡತಿ ಅಂದುಕೊಂಡರು. ಊದಿಕೊಂಡಾಗ ತೋರಿಸಿದರೆ ಮೂಳೆಯ ಕ್ಯಾನ್ಸರ್. “ಕಾಲು ತೆಗೆದ್ರೆ ನೋವು ಹೋಗುತ್ತೆ” ಎಂದಿದ್ದರು ಡಾಕ್ಟರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಅಳೆದು ತೂಗಿ ಮಾತಾಡುವವರು. ಅವರು ನೋವು ಹೋಗುತ್ತೆ ಎಂದದ್ದನ್ನು ಇವರಿಬ್ಬರೂ ರೋಗ ಹೋಗುತ್ತೆ ಎಂದು ಕೇಳಿಸಿಕೊಂಡು ಬಂದರು. ಬೇಕಾದದ್ದನ್ನೇ ಕೇಳಿಸಿಕೊಳ್ಳುವ ಕಿವಿ ಯಾರಿಗಿಲ್ಲ?

ಈಗ ಗಾಯ ಮಾಯ್ದಿದೆ. ಆದರೆ ರೋಗದ ಬೇರು ಅಷ್ಟರಲ್ಲೇ ಮೈಯೊಳಗೆ ಇಳಿದಿರುತ್ತದಂತೆ. ಕೀಮೊ ಇಂಜೆಕ್ಷನ್ ಕೊಡಿಸಿದರೆ ಒಂದು ವರ್ಷದ ಆಸುಪಾಸು, ಇಲ್ಲವಾದರೆ ಕೆಲವು ತಿಂಗಳು. ಕೆಲವು ನಾಯಿಗಳಿಗೆ ಇಂಜೆಕ್ಷನ್ನಿಂದ ಏನೂ ಆಗುವುದಿಲ್ಲ, ಕೆಲವು ಅನ್ನ ನೀರು ಬಿಟ್ಟು ಮೂಲೆ ಸೇರುತ್ತವೆ. ಯಜಮಾನ್ರು ಯಾವ ಕಡೆಯವರೋ ಮೊದಲೇ ಹೇಳಲಾಗದು. ಔಷಧಿ ತರಿಸಬೇಕು, ಆದ್ದರಿಂದ ಇವತ್ತೇ ಹೇಳಬೇಕು.

“ನಿಮ್ಮ ನಾಯಿಯಾಗಿದ್ರೆ ಏನ್ಮಾಡ್ತಿದ್ರಿ ಡಾಕ್ಟ್ರೇ?” ಎಂದೂ ಕೇಳಿ ನೋಡಿದ್ದಳು.

“ಎರಡೂ ತಪ್ಪಲ್ಲ ಅಮ್ಮಾ,” ಎಂದಿದ್ದರು.

ಎರಡೂ ತಪ್ಪಲ್ಲವಂತೆ! ಒಂದಾದರೂ ತಪ್ಪಾಗಿದ್ದರೆ ಇನ್ನೊಂದರ ಕಡೆ ಓಡಿಬಿಡಬಹುದಿತ್ತು. ಕೈಯಲ್ಲಿ ದುಡ್ಡಾದರೂ ಇಲ್ಲದಿದ್ದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹಾಳಾದ್ದು, ಸೋರುವ ಛಾವಣಿಗೆಂದು ಕೂಡಿಟ್ಟದ್ದು ಇತ್ತು.

ಅವಳು ಮತ್ತೆ ಮೆಷೀನಿಗೆ ಕೂತಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡೂ ಗೋಡೆಗೆ ಶಾಲೆಯ ಸಮವಸ್ತ್ರಗಳು ತೋಳಿಲ್ಲದೆ, ಕಾಲರಿಲ್ಲದೆ ನೇತಾಡುತ್ತಿದ್ದವು. ಒಬ್ಬರು ಬಂದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಗಿರಾಕಿಗಳ ಬಟ್ಟೆ ಬದಿಗಿಟ್ಟು ಅವಳು ಯಜಮಾನ್ರಿಗೆ ಎದೆಪಟ್ಟಿ ಹೊಲಿಯುತ್ತಿದ್ದಳು. ಮೆಟ್ಟಿಲು ಇಳಿಯುವಾಗ ಮೇಲಿನಿಂದ ಹಿಡಿದುಕೊಳ್ಳಲು ಅದಕ್ಕೊಂದು ಹಿಡಿಕೆ. ಮುಂದೆ ಮೈ ಬಂದರೆ ಬಿಚ್ಚಿ ದೊಡ್ಡದು ಮಾಡಲೆಂದು ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು. ಬೆಳೆಯುವ ಮಕ್ಕಳ ಬಟ್ಟೆ ಹೊಲಿಯುವ ಕೈಗೆ ಅದೇ ಅಭ್ಯಾಸ.

ಮೆಕ್ಯಾನಿಕ್ಕು ಕೆಲಸ ಮುಗಿಸಿ ಬಂದವನೇ ಚೀಲ ಇಳಿಸಿ, ಮೊದಲು ಮೆಷೀನಿನ ಕೆಳಗೆ ಬಗ್ಗಿ ನೋಡಿದ. “ಊಟ ಮಾಡಿದ್ರಾ?”

“ಮಾಡಿದ್ರು. ಡಾಕ್ಟ್ರು ಫೋನ್ ಮಾಡಿದ್ರು.”

“ಹೂಂ ಅಂದ್ಬಿಡಬೇಕಿತ್ತು.”

“ನಿಮಗೆ ಅಷ್ಟು ಸುಲಭವಾ?”

“ಇದರಲ್ಲಿ ಕಷ್ಟ ಏನಿದೆ? ಇಲ್ಲಿಗೇ ನಿಲ್ಸೋದಾದ್ರೆ ಕಾಲು ಯಾಕೆ ಕೊಯ್ಸಿದ್ವಿ?”

ಕಾಲು ತೆಗೆಸುವುದು ಬೇಡವೇ ಬೇಡ, ಮೂರು ಕಾಲಿನ ಬಾಳು ಒಂದು ಬಾಳಾ ಎಂದು ಹಟ ಹಿಡಿದವನೇ ಅವನು. ಹಟ ಮಾಡಿ ಒಪ್ಪಿಸಿದವಳು ಇವಳು. ಈಗ ದಿನಾ ಬೆಳಿಗ್ಗೆ ಎತ್ತಿಕೊಂಡು ಮೆಟ್ಟಿಲಿಳಿಸುವವನು ಅವನೇ.

“ಕಾಲು ಹೋಯ್ತು ಅಂತ ಉಳಿದಿರೋದನ್ನೂ ಒಪ್ಪಿಸ್ಬೇಕಾ?” ಎಂದಳು.

“ನಾನು ಹಾಗಂದ್ನಾ? ನೋಡು, ಎರಡು ಮಹಡಿ ಮಧ್ಯೆ ಲಿಫ್ಟ್ ಬಿಟ್ಟು, ಸ್ಪ್ಯಾನರ್ ಎತ್ಕೊಂಡು ನಾನು ಮನೆಗೆ ಬರ್ತೀನಾ? ಒಳಗಿರೋರು ಏನಂದ್ಕೋತಾರೆ?”

“ನಿಮ್ಮ ಲಿಫ್ಟಲ್ಲಿರೋರು ಕಿರುಚಿ ಕರೀತಾರೆ ಕಣ್ರೀ. ಇವರು ಬಾಲ ಅಲ್ಲಾಡಿಸ್ತಾರೆ.”

ಅವನು ಬೂಟಿನ ದಾರ ಬಿಚ್ಚಿದ, ಮತ್ತೆ ಕಟ್ಟಿದ. ಕೊನೆಗೆ, “ನಿನ್ನಿಷ್ಟ,” ಎಂದ.

ಅವಳಿಗೆ ಮೈಯೆಲ್ಲಾ ಉರಿದುಹೋಯಿತು. ಬೆಳಗಿನಿಂದ ಅಕ್ಕ ಅದನ್ನೇ ಹೇಳಿದ್ದಳು, ಪಕ್ಕದ ಮನೆಯವಳು ಅದನ್ನೇ ಹೇಳಿದ್ದಳು. ನಿನ್ನಿಷ್ಟ ಎಂದು ಹೇಳಿ ಎಲ್ಲರೂ ಹೊರಗಿನಿಂದ ಬೀಗ ಜಡಿದುಕೊಂಡು ಹೋಗಿದ್ದರು.

“ನನಗೆ ಇಷ್ಟ ಅನ್ನೋದು ಯಾವುದೂ ಇಲ್ಲ ಇದರಲ್ಲಿ,” ಎಂದಳು. “ಯಜಮಾನ್ರನ್ನ ಕೇಳಿ ಹೇಳಿ ಅಂದ್ರು ಡಾಕ್ಟ್ರು.”

“ಅಂದ್ರೆ, ನನ್ನ.”

“ಇನ್ಯಾರನ್ನ?”

ಇಬ್ಬರೂ ಮೆಷೀನಿನ ಕೆಳಗೆ ನೋಡಿದರು. ತಮ್ಮ ಹೆಸರು ಕೇಳಿಸಿ ಯಜಮಾನ್ರು ಒಂದು ಕಣ್ಣು ತೆರೆದಿದ್ದರು.

“ಕೇಳೇಬಿಡೋಣ್ವಾ?” ಎಂದ ಮೆಕ್ಯಾನಿಕ್ಕು. ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ ಅವನಿಗೂ ಗೊತ್ತಿರಲಿಲ್ಲ.

“ನಿಮಗೆ ತಲೆ ಕೆಟ್ಟಿದೆ,” ಎಂದು ಬೈಯುತ್ತಲೇ ಟೈಲರಮ್ಮ ಸ್ಟೂಲಿನಿಂದಿಳಿದು ನೆಲದ ಮೇಲೆ ಕೂತಳು. ಎರಡು ಮುಷ್ಟಿ ಕಟ್ಟಿ ಮುಂದೆ ಹಿಡಿದಳು. ಎಡದ್ದು ಬೇಡ, ಬಲದ್ದು ಬೇಕು.

ಯಜಮಾನ್ರು ಕಷ್ಟಪಟ್ಟು ಎದ್ದು ಹೊರಗೆ ಬಂದರು. ಬಹಳ ದಿನದ ಮೇಲೆ ಕೆಲಸ ಸಿಕ್ಕಿದ ಖುಷಿ ಬಾಲದಲ್ಲಿತ್ತು. ಎಡದ ಮುಷ್ಟಿ ಮೂಸಿದರು, ಬಲದ್ದು ಮೂಸಿದರು. ಆಮೇಲೆ ಬಲ ಭುಜದ ಬೋಳು ಚರ್ಮದಡಿ ಸ್ನಾಯು ಎದ್ದು ಅಲುಗಿತು. ಕಾಲೆತ್ತಿ ಇಟ್ಟೆನೆಂದೇ ಅವರ ಲೆಕ್ಕ. ಬಿಸ್ಕತ್ತಿಗಾಗಿ ಅವಳ ಮುಖ ನೋಡಿದರು. ಬರಲಿಲ್ಲ. ಮತ್ತೊಮ್ಮೆ ಭುಜ ಅಲುಗಿತು. ಮತ್ತೆ ಮುಖ ನೋಡಿದರು.

ತಪ್ಪು ತಮ್ಮದೇ ಇರಬೇಕು ಎಂದುಕೊಂಡರೋ ಏನೋ, ಈ ಸಲ ಎಡಗಾಲೆತ್ತಿದರು. ನಿಲ್ಲಲು ಮುಂದೆ ಇದ್ದದ್ದು ಅದೊಂದೇ. ಎತ್ತಿದ್ದೇ ತಡ, ಮುಗ್ಗರಿಸಿ ಅವಳ ಎರಡು ಮುಷ್ಟಿಗಳ ನಡುವೆ ಬಿದ್ದರು. ಗದ್ದ ನೆಲಕ್ಕೆ ಬಡಿದ ಸದ್ದು ಕೇಳಿಸಿತು.

“ಅಯ್ಯೋ,” ಎಂದು ಮೆಕ್ಯಾನಿಕ್ಕು ಮುಂದೆ ಬರುವಷ್ಟರಲ್ಲಿ ಯಜಮಾನ್ರು ತಾವೇ ಎದ್ದು, ಮೈ ಕೊಡವಿ, ಬಾಲ ಅಲ್ಲಾಡಿಸುತ್ತಾ ಮತ್ತೆ ಅದೇ ಎಡಗಾಲನ್ನು ಎತ್ತತೊಡಗಿದರು.

“ಸಾಕು, ಸಾಕು ಮಾರಾಯ!” ಟೈಲರಮ್ಮ ಎರಡೂ ಮುಷ್ಟಿ ಬಿಚ್ಚಿ ಅವರನ್ನು ಎದೆಗೆ ಒತ್ತಿಕೊಂಡಳು. ಎಂದೂ ಏಕವಚನದಲ್ಲಿ ಕರೆದವಳಲ್ಲ. ಕೇಳಿದ್ದನ್ನೆಲ್ಲ ಕೊಡಲು ಬಿದ್ದಾದರೂ ಏಳುವ ಜೀವದ ಹತ್ತಿರ ಇನ್ನು ಏನೇನು ಕೇಳುವುದು ಎಂದು ಅವಳಿಗೆ ಅಳು ಬಂತು. ಮೆಕ್ಯಾನಿಕ್ಕು ಡಬ್ಬಿ ತೆಗೆದು ಬಿಸ್ಕತ್ತು ಕೊಟ್ಟ. ತೀರ್ಪಿಲ್ಲದೆ ಫೀಸು ಸಿಕ್ಕಿದ್ದು ಅದೇ ಮೊದಲು.

ಅವಳು ನೆಲದ ಮೇಲಿಂದಲೇ ಫೋನ್ ಮಾಡಿದಳು.

“ಯಜಮಾನ್ರನ್ನ ಕೇಳಿದ್ರಾ ಅಮ್ಮಾ?”

“ಕೇಳಿದೆ.”

“ಏನಂದ್ರು?”

“ಅವರನ್ನ ಕೇಳಬಾರದಿತ್ತು ಡಾಕ್ಟ್ರೇ. ನಾನೇ ಹೇಳ್ತಿದೀನಿ. ಇಂಜೆಕ್ಷನ್ ಬೇಡ. ನೋವಾಗದ ಹಾಗೆ ನೋಡ್ಕೊಳ್ಳೋಕೆ ಏನು ಬೇಕೋ ಅದು ಬರ್ಕೊಡಿ.”

“ಆಯ್ತು ಅಮ್ಮಾ. ತಪ್ಪಲ್ಲ.”

‘ಸರಿ’ ಎಂದು ಒಂದು ಸಲ ಹೇಳಿಬಿಡಿ ಎಂದು ಬೇಡಿಕೊಳ್ಳಬೇಕೆನಿಸಿತು. ಫೋನಿಟ್ಟಳು. ಎದೆಯ ಮೇಲಿನ ಭಾರ ಇಳಿಯುತ್ತದೆ ಎಂದುಕೊಂಡಿದ್ದಳು. ಅದು ಇದ್ದಲ್ಲೇ ಇತ್ತು.

ಗಂಡ ಬೈಯಬಹುದು ಎಂದು ಕಾದಳು. ಅವನು ಮೆಷೀನಿನ ಮೇಲಿದ್ದ ಎದೆಪಟ್ಟಿ ತೆಗೆದು ಯಜಮಾನ್ರ ಮೈಗೆ ಸುತ್ತಿ, ಗಾಯದ ಕಲೆಯ ಹತ್ತಿರ ಬೆರಳು ತೂರಿಸಿ ನೋಡುತ್ತಿದ್ದ. ಬಹಳ ಹೊತ್ತು ನೋಡಿದ.

“ಇಲ್ಲಿ ಉಜ್ಜುತ್ತೆ ಕಣೇ,” ಎಂದ. “ಒಳಗೆ ಬಟ್ಟೆ ಜಾಸ್ತಿ ಬಿಟ್ಟಿದೀಯ.”

ಅವಳು ಪಟ್ಟಿಯನ್ನು ಇಸಿದುಕೊಂಡು ಒಳಮೈ ಹೊರಗೆ ಮಾಡಿದಳು. ದೊಡ್ಡ ಕತ್ತರಿ ತೆಗೆದುಕೊಂಡು, ಬಿಟ್ಟಿದ್ದ ಬಟ್ಟೆಯನ್ನು ಹೊಲಿಗೆಯ ಅಂಚಿಗೆ ಸಮನಾಗಿ, ನಿಧಾನವಾಗಿ ಕತ್ತರಿಸುತ್ತಾ ಹೋದಳು. ಉದ್ದನೆಯ ಚಿಂದಿ ಗುಡ್ಡೆಯ ಮೇಲೆ ಬಿತ್ತು. ಯಜಮಾನ್ರು ಅದನ್ನು ಮೂಸಿ, ಕುಪ್ಪಳಿಸುತ್ತಾ ಒಂದು ಸುತ್ತು ಸುತ್ತಿ, ಅದರ ಮೇಲೆಯೇ ಮಲಗಿಕೊಂಡರು.