ದಣಿದ ಅಣ್ಣ

ಕುಡಿದವನಿಗೆ ಇಂಗ್ಲಿಷರು ಇಟ್ಟಷ್ಟು ಹೆಸರುಗಳನ್ನು ನಮ್ಮವರು ದೇವರಿಗೂ ಇಟ್ಟಿರಲಿಕ್ಕಿಲ್ಲ. ಲಂಡನ್ನಿನ ರೇನರ್ಸ್ ಲೇನಿನ ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಶಿವಕ್ಕನಿಗೆ ಅವನ್ನೆಲ್ಲ ಕಲಿಸಿದವಳು ಪಕ್ಕದಲ್ಲಿ ನಿಂತು ಬಟ್ಟೆ ಮಡಿಸುವ ಮೌರೀನ್. ಕಾಲು ನೆಲಕ್ಕೆ ನಿಲ್ಲದವನು ‘ಲೆಗ್‌ಲೆಸ್’. ‘ತ್ರೀ ಶೀಟ್ಸ್ ಟು ದ ವಿಂಡ್’ ಎಂಬಲ್ಲಿ ಶೀಟ್ ಎಂದರೆ ಇವರು ಮಡಿಸುವ ಹಾಸಿಗೆಯ ಬಟ್ಟೆಯಲ್ಲ, ಹಡಗಿನ ಹಾಯಿಯನ್ನು ಬಿಗಿಯುವ ಹಗ್ಗ. ಮೂರು ಹಗ್ಗ ಸಡಿಲವಾದರೆ ಹಡಗು ತೂರಾಡುತ್ತದೆ. ಮೌರೀನಳ ಅಪ್ಪ ಹಡಗಿನಲ್ಲಿದ್ದವನು, ಹಗ್ಗವನ್ನೂ ಬಲ್ಲ, ತೂರಾಟವನ್ನೂ ಬಲ್ಲ.

೧೯೯೮ರ ಒಂದು ಶನಿವಾರ ಅವಳು ‘ಟೈರ್ಡ್ ಅಂಡ್ ಇಮೋಷನಲ್’ ಎಂಬುದನ್ನು ಹೇಳಿಕೊಟ್ಟಳು. ಹಿಂದೊಮ್ಮೆ ಪತ್ರಿಕೆಯೊಂದಕ್ಕೆ ಮಂತ್ರಿ ಕುಡಿದಿದ್ದ ಎಂದು ಬರೆಯಲು ಕೋರ್ಟಿನ ಭಯವಂತೆ. ದಣಿದಿದ್ದರು, ಭಾವುಕರಾಗಿದ್ದರು ಎಂದು ಬರೆಯಿತಂತೆ. ಓದಿದವರಿಗೆಲ್ಲ ಅರ್ಥವಾಯಿತಂತೆ. ನಗಲು ಹೊರಟ ಶಿವಕ್ಕನಿಗೆ ನಗು ಬರಲಿಲ್ಲ.

ಅವಳಿಗೆ ಅದು ಹೊಸ ಮಾತೇನಲ್ಲ. ಗಂಡನೊಂದಿಗೆ ಲಂಡನ್ನಿಗೆ ಬಂದ ಈ ನಾಲ್ಕು ವರ್ಷ, ಪ್ರತಿ ಭಾನುವಾರ ವಿಜಾಪುರಕ್ಕೆ ಫೋನ್ ಮಾಡಿದಾಗ ಅತ್ತಿಗೆ ಪಾರ್ವತೆವ್ವ ಹೇಳುತ್ತಿದ್ದುದೂ ಅದನ್ನೇ: ಅಣ್ಣ ದಣಿದು ಮಲಗಿದ್ದಾನೆ. ಅಣ್ಣ ಬಸವಂತಪ್ಪ ಕುಡಿಯುವುದು ಶಿವಕ್ಕನಿಗೆ ಗೊತ್ತು. ಅವಳಿಗೆ ಗೊತ್ತೆಂಬುದು ಅತ್ತಿಗೆಗೂ ಗೊತ್ತು. ಮಲಗಲಿ ಬಿಡಿ ಎಂದು ಇವಳೂ ಹೂಂಗುಟ್ಟಿ ಮನೆಯ ಮಾನ ಉಳಿಸುತ್ತಿದ್ದಳು. ಆದರೆ ತಾಯಿಯಿಲ್ಲದ ತನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನ ದನಿಗಾಗಿ ಅವಳ ಜೀವ ಹಾತೊರೆಯುತ್ತಿತ್ತು. ಆ ಮಾನವನ್ನೇನು ಉಪ್ಪು ಹಾಕಿಕೊಂಡು ನೆಕ್ಕಬೇಕೇ ಎಂದು ಆ ದಿನ ಅವಳಿಗೆ ಅನಿಸಿತು.

ಮರುದಿನ ಮಧ್ಯಾಹ್ನ, ವಿಜಾಪುರದಲ್ಲಿ ರಾತ್ರಿಯೂಟದ ಹೊತ್ತಿಗೆ, ಫೋನ್ ಕಾರ್ಡ್ ಕೆರೆದು ನಂಬರ್ ಒತ್ತಿದಳು. ಅತ್ತಿಗೆ ಮಕ್ಕಳ ಸುದ್ದಿ ಹೇಳಿ, ಎಂದಿನಂತೆ ಅಣ್ಣನ ದಣಿವಿಗೆ ಬಂದಳು.

“ವೈನಿ, ಅಂವ ಕುಡದಿದ್ರೂ ಚಿಂತಿಲ್ಲ,” ಎಂದಳು ಶಿವಕ್ಕ. “ಎಬ್ಬಿಸಿ ಫೋನ್ ಕೊಡ್ರಿ. ನನಗ ಅವನ ದನಿ ಬೇಕು.”

ಅತ್ತಿಗೆ ಯಾರನ್ನೋ ಎಬ್ಬಿಸಲು ಎದ್ದುಹೋದ ಸದ್ದಿಲ್ಲ. ರಿಸೀವರ್ ಕೈ ಬದಲಿಸಿದ್ದಷ್ಟೇ ಕೇಳಿತು. ಆಮೇಲೆ ಅಣ್ಣನ ದನಿ ಬಂತು. ನಾಲಗೆ ತೊಡರುತ್ತಿತ್ತು, ಆದರೂ ಅವನದೇ ದನಿ.

“ಶಿವಿ, ನಾ ಯಾವ ಐತಾರನೂ ಮಕ್ಕೊಂಡಿದ್ದಿಲ್ಲವ್ವ. ಇಲ್ಲೇ ಫೋನಿನ ಬಾಜೂಕ ಕುಂತಿರ್ತೀನಿ. ಇವತ್ತರೆ ನನ್ನ ಕೇಳ್ತಿಯೇನೋ ಅಂತ.”